ಆಚೆ ನಿಲ್ದಾಣಕ್ಕೆ ಎಷ್ಟು ದೂರ

ನಮ್ಮೂರಿನ ವಿಮಾನ ನಿಲ್ದಾಣಕ್ಕೂ ಸಮುದ್ರದಾಚೆಯ ನಿಲ್ದಾಣಕ್ಕೂ ಎಷ್ಟು ದೂರ ಎಂದು ಹೊಸಬರು ಯಾರಾದರೂ ಕೇಳಿದರೆ, ಹೋಗುವವರು ಯಾರು ಎಂದು ನಾವು ತಿರುಗಿ ಕೇಳುತ್ತೇವೆ. ಅವರಿಗೆ ರೇಗುತ್ತದೆ. ದೂರ ಕೇಳಿದರೆ ಹೆಸರು ಕೇಳುತ್ತಾರಲ್ಲ, ಇವರ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬಂತೆ ನೋಡುತ್ತಾರೆ. ಏನು ಮಾಡೋಣ, ನಮ್ಮಲ್ಲಿ ಇರುವುದೇ ಹಾಗೆ. ವಿಮಾನ ಹತ್ತಿದವರೆಲ್ಲರಿಗೂ ಹೋಗುವ ಮನಸ್ಸಿದ್ದರೆ ಇಲ್ಲಿ ಬಾಯಿಗೆ ಹಾಕಿಕೊಂಡ ಎಲೆಯಡಿಕೆಯನ್ನು ಅಲ್ಲಿ ಇಳಿದು ಉಗಿಯಬಹುದು. ಒಬ್ಬರಿಗೆ ಮನಸ್ಸಿಲ್ಲದಿದ್ದರೂ ಸಾಕು, ದಾರಿ ಉದ್ದವಾಗುತ್ತದೆ. ವಿಮಾನ ಹಾರುತ್ತಲೇ ಇರುತ್ತದೆ, ಕೆಳಗಿನ ಸಮುದ್ರ ಮುಗಿಯುವುದೇ ಇಲ್ಲ.

ಇದಕ್ಕೆ ನಾವು ಎಂದೋ ಹೊಂದಿಕೊಂಡುಬಿಟ್ಟಿದ್ದೇವೆ. ಎರಡೂ ನಿಲ್ದಾಣಗಳ ಬಾಗಿಲಲ್ಲಿ ಒಬ್ಬೊಬ್ಬ ಹೆಂಗಸು ಬೆಲ್ಲದ ತಟ್ಟೆ ಹಿಡಿದು ನಿಂತಿರುತ್ತಾಳೆ. ಹೊರಟವರು ಅವಳ ಕಣ್ಣಲ್ಲಿ ಕಣ್ಣಿಟ್ಟು, ಮನಸಾರೆ ಹೋಗ್ತೀನಿ ಎಂದು ಮೂರು ಸಲ ಹೇಳಬೇಕು. ದನಿ ನಡುಗದಿದ್ದರೆ ಬಾಯಿಗೆ ಬೆಲ್ಲ, ನಡುಗಿದರೆ ಮನೆಗೆ ವಾಪಸ್ಸು. ಕೋರ್ಟು ಕಚೇರಿಗೆ ಹೋಗುವವರನ್ನೂ, ಹಲ್ಲು ಕೀಳಿಸಿಕೊಳ್ಳಲು ಹೋಗುವವರನ್ನೂ, ಅತ್ತೆಮನೆಗೆ ಅಳುತ್ತ ಹೊರಟವರನ್ನೂ ಹಡಗಿಗೆ ಕಳಿಸುತ್ತಾರೆ. ಹಡಗಿಗೆ ಯಾರ ಮನಸ್ಸೂ ಲೆಕ್ಕಕ್ಕಿಲ್ಲ. ಅದು ತನ್ನ ಪಾಡಿಗೆ ತಿಂಗಳುಗಟ್ಟಲೆ ತೇಲಿಕೊಂಡು ಬರುತ್ತದೆ, ಬಂದವರನ್ನು ಯಾರೂ ನಿಂತು ನೋಡುವುದಿಲ್ಲ. ನಮ್ಮೂರಲ್ಲಿ ಮರ್ಯಾದಸ್ಥರ ಮನೆಗೆ ನೆಂಟರು ವಿಮಾನದಲ್ಲೇ ಬರಬೇಕು. ಅದರಿಂದ ಇಳಿದರು ಎಂದರೆ ಇವರ ಮುಖ ನೋಡಬೇಕೆಂದು ಆಸೆಪಟ್ಟು ಬಂದರು ಎಂದು ಊರೇ ಸಾಕ್ಷಿ ಹೇಳಿದ ಹಾಗೆ.

ಆದರೂ ಮನಸ್ಸಿನ ವಿಷಯ, ಬೆಲ್ಲದ ಹೆಂಗಸಿಗೆ ಎಷ್ಟು ತಾನೇ ಕಂಡೀತು? ಹತ್ತುವಾಗ ಇದ್ದದ್ದು ಹಾರುವಾಗ ಇರುವುದಿಲ್ಲ. ವಿಮಾನ ತಡವಾದರೆ ನಮ್ಮಲ್ಲಿ ಕೂಗು ಕೊಡುತ್ತಾರೆ. ಕಾಯುತ್ತಿರುವ ಮನೆಯವರು ಒಬ್ಬೊಬ್ಬರಾಗಿ ನಿಲ್ದಾಣದ ಗೋಪುರ ಹತ್ತಿ, ಮೈಕಿನ ಮುಂದೆ ನಿಂತು, ತಮ್ಮವರ ಹೆಸರು ಹಿಡಿದು ಕರೆಯಬೇಕು. ಆ ದನಿ ವಿಮಾನದೊಳಗೆ ಎಲ್ಲರಿಗೂ ಕೇಳಿಸುತ್ತದೆ. ಗೋಪುರದ ರುದ್ರಮುನಿ ಗಾಜಿನ ಪರದೆಯ ಮೇಲೆ ವಿಮಾನದ ಬೆಳಕಿನ ಚುಕ್ಕಿಯನ್ನು ನೋಡುತ್ತ ಕೂತಿರುತ್ತಾನೆ. ಯಾರ ಕೂಗಿಗೆ ಚುಕ್ಕಿ ಹತ್ತಿರ ಸರಿಯಿತೋ ಅವರು ಕರೆದವರೇ ದಾರಿ ಉದ್ದ ಮಾಡಿದವರು ಎಂದು ಲೆಕ್ಕ. ಗೋಪುರದ ಮೈಕಿನ ದನಿ ಕೆಳಗಿನ ಕಾಯುವ ಕೋಣೆಯಲ್ಲೂ ಕೇಳಿಸುವುದರಿಂದ ಯಾರೂ ಏನನ್ನೂ ಮುಚ್ಚಿಡುವ ಹಾಗಿಲ್ಲ. ಮೇಷ್ಟ್ರು ವಾಸುದೇವಯ್ಯ ಹಿಂದೊಮ್ಮೆ ತವರಿನಿಂದ ಬರುತ್ತಿದ್ದ ಹೆಂಡತಿಗೆ ಕೂಗು ಕೊಟ್ಟದ್ದೇ ತಡ, ಚುಕ್ಕಿ ಓಡಿ ಬಂತು. ಆಕೆ ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ, ಆದರೂ ಊರಿನ ಬಾಯಲ್ಲಿ ಆಕೆ ಕೂಗಿದ ಮೇಲೆ ಬಂದವಳೇ. ಮೇಷ್ಟ್ರು ಆಮೇಲೆ ಯಾರನ್ನು ಎದುರುಗೊಳ್ಳಲೂ ನಿಲ್ದಾಣಕ್ಕೆ ಹೋಗಿಲ್ಲ.

ನನ್ನದು ಪೇಟೆಬೀದಿಯಲ್ಲಿ ಬೀಗದಂಗಡಿ. ಪಕ್ಕದ್ದು ಚಂಪಕ್ಕನ ಅಂಗಡಿ, ಪೆಟ್ಟಿಗೆ ಚೀಲಗಳ ರಿಪೇರಿ. ಪ್ರಯಾಣ ಹೊರಟವರು ಅವಳ ಹತ್ತಿರ ಹೊಲಿಸಿಕೊಂಡು ನನ್ನ ಹತ್ತಿರ ಬೀಗ ಹಾಕಿಸಿಕೊಂಡು ಹೋಗುತ್ತಾರೆ. ಹೀಗಾಗಿ ಅವಳ ಸಂಸಾರದ ಕಥೆ ನನಗೂ ನನ್ನ ಹೆಂಡತಿಗೂ ಚೆನ್ನಾಗಿ ಗೊತ್ತು. ಗಂಡ ತೀರಿಕೊಂಡ ವರ್ಷವೇ ಚಂಪಕ್ಕನಿಗೆ ಎದೆಯ ಕಾಯಿಲೆ ಹಿಡಿಯಿತು. ಮಗು ಹತ್ತಿರ ಇರಕೂಡದು ಎಂದರು ಡಾಕ್ಟರು. ಗಂಡನ ಅಕ್ಕ ಸುಲೋಚನಮ್ಮ ಆಚೆ ಊರಿನಿಂದ ಬಂದು, ನಾಲ್ಕು ವರ್ಷದ ವೈಜಯಂತಿಯನ್ನು ನೀನು ಏಳುವವರೆಗೆ ನೋಡಿಕೊಳ್ಳುತ್ತೇನೆ ಎಂದು ಕರೆದುಕೊಂಡು ಹೋದರು. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಚಂಪಕ್ಕ ಏಳುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಆ ಹುಡುಗಿ ಅಷ್ಟರಲ್ಲಿ ಸುಲೋಚನಮ್ಮನನ್ನು ಸುಲ್ಲಮ್ಮ ಎಂದು ಕರೆಯುವುದನ್ನು ರೂಢಿ ಮಾಡಿಕೊಂಡಿತ್ತು. ಅಮ್ಮ ಎಂಬ ಮಾತು ಆ ಹೆಸರಿನ ಬಾಲದಲ್ಲಿ ಅಂಟಿಕೊಂಡಿರುವುದು ಚಂಪಕ್ಕನಿಗೆ ಸಹಿಸಲಾಗುತ್ತಿರಲಿಲ್ಲ. ಫೋನಿನಲ್ಲಿ ಹುಡುಗಿ ಸುಲ್ಲಮ್ಮ ಎಂದಾಗಲೆಲ್ಲ ಅತ್ತೆ ಅನ್ನು ಎಂದು ತಿದ್ದುತ್ತಿದ್ದಳು. ಆ ಕಡೆಯಿಂದ ಮಾತು ನಿಂತುಹೋಗುತ್ತಿತ್ತು.

ಮಗಳನ್ನು ವಾಪಸ್ಸು ಕಳಿಸಿ ಎಂದು ಚಂಪಕ್ಕ ಕೇಳಿದಾಗ ಸುಲೋಚನಮ್ಮ ಇಲ್ಲ ಅನ್ನಲಿಲ್ಲ. ಆದರೆ ಮಗು ಸಣ್ಣದು, ನಾನೇ ಹಡಗಿನಲ್ಲಿ ಕರೆತಂದು ಒಂದಷ್ಟು ದಿನ ಇದ್ದು ರೂಢಿಮಾಡಿಸಿ ಹೋಗುತ್ತೇನೆ ಎಂದರು. ನನ್ನ ಹೆಂಡತಿ ಅದು ಒಳ್ಳೆಯ ಮಾತು ಎಂದಳು. ನಾನೂ ಅದನ್ನೇ ಹೇಳಿದೆ. ಚಂಪಕ್ಕ ನಮ್ಮಿಬ್ಬರ ಮೇಲೂ ಹರಿಹಾಯ್ದಳು. ಹೆತ್ತ ಮಗಳನ್ನು ಹಡಗಿನಲ್ಲಿ ತರಿಸಿಕೊಂಡಳು ಎಂದು ನಾಳೆ ಬೀದಿಯವರು ಆಡಿಕೊಳ್ಳುವುದು ಬೇಡ, ವಿಮಾನದಲ್ಲೇ ಬರಲಿ, ಒಬ್ಬಳೇ ಬರಲಿ ಎಂದು ಹಟ ಹಿಡಿದಳು. "ನೋಡ್ತಿರಿ, ನನ್ನ ಮಗಳು ಬರೋ ದಿನ ವಿಮಾನ ಹತ್ತಿದ್ದೂ ಇಳಿದಿದ್ದೂ ಗೊತ್ತಾಗಲ್ಲ" ಎಂದು ಕೈ ತಿರುವಿದಳು. ನಮಗೆ ತೋರಿಸುವುದಕ್ಕಿಂತ ಅವಳಿಗೇ ಅದು ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಮಗಳಿಗೆ ತಾನು ಬೇಕೋ ಬೇಡವೋ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ, ವಿಮಾನವೇ ಹೇಳಿಬಿಡಲಿ ಎಂದುಕೊಂಡಿದ್ದಳು.

ಆ ದಿನ ನಾನೂ ನಿಲ್ದಾಣದಲ್ಲಿದ್ದೆ. ನನ್ನ ಹೆಂಡತಿಯ ಸೋದರಮಾವ ಶಿವರಾಯಪ್ಪ ಅದೇ ವಿಮಾನದಲ್ಲಿ ಬರುವವರಿದ್ದರು. ಅವರು ವರ್ಷಕ್ಕೊಮ್ಮೆ ಬಂದು, ನಮ್ಮ ಮನೆಯ ತುಪ್ಪದ ಡಬ್ಬಿ ಬರಿದಾಗುವವರೆಗೆ ಇರುತ್ತಾರೆ. ಅವರ ಮನಸ್ಸಿನ ಬಗ್ಗೆ ಯಾರಿಗೂ ಅನುಮಾನವಿಲ್ಲ. ಕಾಯುವ ಕೋಣೆಯಲ್ಲಿ ದಿನಸಿ ವ್ಯಾಪಾರದ ಗುರುಶಾಂತ ಶೆಟ್ಟರು ಹೊಸ ಅಳಿಯನಿಗಾಗಿ ಹಾರ ಹಿಡಿದು ಕೂತಿದ್ದರು. ಇನ್ನೂ ಹತ್ತಾರು ಮನೆಯವರಿದ್ದರು. ಚಂಪಕ್ಕ ಹಸಿರು ಸೀರೆ ಉಟ್ಟುಕೊಂಡು, ಟಿಫನ್ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು, ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿದ್ದಳು. ವಿಮಾನ ಆಚೆಯಿಂದ ಬಿಟ್ಟಿತು ಎಂದು ರುದ್ರಮುನಿ ಬೆಳಿಗ್ಗೆ ಮೈಕಿನಲ್ಲಿ ಹೇಳಿದಾಗ ಎದ್ದೇ ನಿಂತುಬಿಟ್ಟಳು. ಕಾಫಿ ಕುಡಿಯುವಷ್ಟರಲ್ಲಿ ಬರಬೇಕಾಗಿದ್ದ ವಿಮಾನ ತಿಂಡಿಯ ಹೊತ್ತಾದರೂ ಬರಲಿಲ್ಲ. ನಿಂತಿದ್ದವಳು ಕೂತಳು. ಮತ್ತೆ ಎದ್ದಳು. ಕ್ಯಾರಿಯರಿನ ಹಿಡಿಯನ್ನು ಮೇಲಕ್ಕೆತ್ತುವುದು, ಕೆಳಗಿಳಿಸುವುದು, ಇದೊಂದೇ ಕೆಲಸ.

ಮೊದಮೊದಲು ಕೋಣೆಯಲ್ಲಿ ತಮಾಷೆ ನಡೆದಿತ್ತು. ಯಾರಪ್ಪಾ ಅದು ಅರ್ಧ ದಾರಿಯಲ್ಲಿ ಕಾಲೆಳೆಯುತ್ತಿರುವವರು ಎಂದು ಒಬ್ಬರು ಕೇಳಿದರೆ, ಶೆಟ್ಟರ ಅಳಿಯ ಇರಬೇಕು, ಮಾವನ ಜಿಪುಣತನ ನೆನಪಾಗಿರಬೇಕು ಎಂದು ಇನ್ನೊಬ್ಬರು ಅಂದರು. ಶೆಟ್ಟರು ನಕ್ಕರು, ಆದರೆ ಹಾರದ ಎಸಳು ಒಂದೊಂದಾಗಿ ಕೀಳತೊಡಗಿದ್ದರು. ಬಿಸಿಲೇರಿದ ಹಾಗೆ ಮಾತು ಕಡಿಮೆಯಾಯಿತು. ವಿಮಾನದಲ್ಲಿ ಹೊತ್ತು ಮುಳುಗುವವರೆಗೆ ಮಾತ್ರ ಎಣ್ಣೆ ಇರುತ್ತದೆ. ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾನು ಹುಡುಗನಾಗಿದ್ದಾಗ ಒಂದು ವಿಮಾನ ಬರಲೇ ಇಲ್ಲ. ಅದರಲ್ಲಿದ್ದವರ ಮನೆಗಳ ಮುಂದೆ ಇವತ್ತಿಗೂ ಜನ ದನಿ ತಗ್ಗಿಸಿಕೊಂಡು ಹೋಗುತ್ತಾರೆ.

ಮಧ್ಯಾಹ್ನ ದಾಟುತ್ತಲೇ ರುದ್ರಮುನಿ ಮೈಕಿನಲ್ಲಿ ಕೆಮ್ಮಿ, ಕೂಗು ಕೊಡುವವರು ಒಬ್ಬೊಬ್ಬರಾಗಿ ಮೇಲೆ ಬರಬೇಕು ಎಂದ. ಕೋಣೆಯಲ್ಲಿ ಎಲ್ಲರೂ ನೆಲ ನೋಡಿದರು. ಈ ಗಳಿಗೆ ಇದೆಯಲ್ಲ, ಇದು ಬಲು ಕೆಟ್ಟದ್ದು. ವಿಮಾನ ಬರಲಿ ಎಂದು ಜೀವ ಒದ್ದಾಡುತ್ತದೆ, ಆದರೆ ನನ್ನ ಕೂಗಿಗೆ ಮಾತ್ರ ಬರದಿರಲಿ ಎಂದೂ ಒಳಗೊಳಗೇ ಬೇಡಿಕೊಳ್ಳುತ್ತದೆ. ನಾನು ಮೊದಲು ಹೋಗಿ ನಮ್ಮ ಶಿವರಾಯಪ್ಪನವರನ್ನು ಕರೆದೆ. ಚುಕ್ಕಿ ಕಲ್ಲಿನ ಹಾಗೆ ನಿಂತಿತ್ತು. ಇಳಿದು ಬರುವಾಗ ನನ್ನ ಕಾಲು ಹಗುರಾಗಿತ್ತು, ಅದಕ್ಕೆ ನನಗೇ ನಾಚಿಕೆಯಾಯಿತು. ಶೆಟ್ಟರು ಹೋದರು, ಅಳಿಯಂದಿರೇ ಬನ್ನಿ ಎಂದು ಬಾಗಿ ಬಾಗಿ ಕರೆದರು. ಚುಕ್ಕಿ ಮಿಸುಕಲಿಲ್ಲ. ಅವರು ಬಂದು ಹಾರವನ್ನು ಪಕ್ಕದ ಕುರ್ಚಿಗಿಟ್ಟು ಉಸ್ಸೆಂದು ಕೂತರು. ಹೀಗೆ ಒಂದೊಂದು ಮನೆಯಾಗಿ ಹೋಗಿ ಬಂತು. ಹೋಗುವಾಗ ಹೆದರಿದ ಮುಖ, ಬರುವಾಗ ಗೆದ್ದ ಮುಖ. ಬಂದವರೆಲ್ಲ ಕೂತು ಇನ್ನೂ ಹೋಗದವರನ್ನು ನೋಡತೊಡಗಿದರು.

ಚಂಪಕ್ಕ ಪ್ರತಿ ಸಲವೂ, ನೀವು ಹೋಗಿ ಬನ್ನಿ ಎಂದು ಪಕ್ಕದವರಿಗೆ ದಾರಿ ಬಿಡುತ್ತಿದ್ದಳು. ಯಾರದಾದರೂ ಕೂಗಿಗೆ ಚುಕ್ಕಿ ಅಲ್ಲಾಡಿದರೆ ತಾನು ಹತ್ತುವುದೇ ಬೇಡವಲ್ಲ. ಶೆಟ್ಟರ ಅಳಿಯನ ಮೇಲೆ ಅವಳು ಬಹಳ ಆಸೆ ಇಟ್ಟುಕೊಂಡಿದ್ದಳು, ಆಮೇಲೆ ತಾನೇ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಳು. ಎದೆಯ ಕಾಯಿಲೆಯಲ್ಲಿ ಮಲಗಿದ್ದಾಗಲೂ ಅಷ್ಟು ಹೆದರಿರಲಿಲ್ಲವಂತೆ. ಆಗ ಸತ್ತರೆ ಸಾಯುತ್ತೇನೆ ಎಂದಿತ್ತು, ಅಷ್ಟೆ. ಈಗ ಹಾಗಲ್ಲ. ತಾನು ಕರೆದು ವಿಮಾನ ಬಂದರೆ, ಮಗಳಿಗೆ ತಾನು ಬೇಡ ಎಂದು ಗೊತ್ತಾಗುತ್ತದೆ. ಕರೆಯದೆ ಕೂತರೆ ಹೊತ್ತು ಮುಳುಗುತ್ತದೆ.

ಕೊನೆಗೆ ಕೋಣೆಯಲ್ಲಿ ಕೂಗು ಕೊಡದವರು ಅವಳೊಬ್ಬಳೇ ಉಳಿದಳು. ಎಲ್ಲರೂ ಅವಳ ಬೆನ್ನನ್ನು ನೋಡುತ್ತಿದ್ದರು. ಶೆಟ್ಟರು ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತರು. "ಇನ್ನು ಉಳಿದಿರೋದು ನಿಮ್ಮ ಮನೆಯದೊಂದೇ ಕಣಮ್ಮಾ" ಎಂದರು. ಒರಟಾಗಿ ಅನ್ನಲಿಲ್ಲ, ಆದರೆ ಆ ಮೆತ್ತನೆಯ ದನಿಯೇ ಹೆಚ್ಚು ನೋಯಿಸುವಂತಿತ್ತು. ನನ್ನ ಮಗಳು ಅಂಥವಳಲ್ಲ, ಅವಳು ಕುಣಿದುಕೊಂಡು ಹತ್ತಿದ್ದಾಳೆ, ಬೆಲ್ಲದವಳನ್ನು ಕೇಳಿ ನೋಡಿ ಎಂದಳು ಚಂಪಕ್ಕ. ಹೌದಮ್ಮ, ಆದರೂ ಒಂದು ಸಲ ಎಂದರು ಶೆಟ್ಟರು. ಆಚೆ ಕಿಟಕಿಯಲ್ಲಿ ಬಿಸಿಲು ಆಗಲೇ ಓರೆಯಾಗಿತ್ತು. ಯಾವುದೋ ಮೂಲೆಯಲ್ಲಿ ಒಬ್ಬಳು ಮುದುಕಿ ಅಳಲು ಶುರುಮಾಡಿದಳು. ನಾನು ಹೋಗಿ ಚಂಪಕ್ಕನ ಕೈಯಿಂದ ಕ್ಯಾರಿಯರ್ ತೆಗೆದುಕೊಂಡೆ. ಅವಳು ಎದ್ದಳು. ಮೆಟ್ಟಿಲಲ್ಲಿ ಬೀಳಬಹುದೆಂದು ನಾನೂ ಹಿಂದೆಯೇ ಹತ್ತಿದೆ.

ಗೋಪುರದಲ್ಲಿ ರುದ್ರಮುನಿ ಮೈಕನ್ನು ಅವಳ ಎತ್ತರಕ್ಕೆ ಇಳಿಸಿಕೊಟ್ಟ. ಚಂಪಕ್ಕ ಪರದೆಯನ್ನು ನೋಡಿದಳು. ಇದೇನಾ ಎಂದು ಕೇಳಿದಳು. ಇದೇ ಎಂದ ಅವನು. ಸಾಸಿವೆಯಷ್ಟು ಬೆಳಕು, ಅದರೊಳಗೆ ಅಷ್ಟು ಜನ. ಅವಳು ಗಂಟಲು ಸರಿಮಾಡಿಕೊಂಡು, ತುಂಬ ಸಿಹಿಯಾದ, ಅವಳದಲ್ಲದ ಒಂದು ದನಿಯಲ್ಲಿ ಶುರುಮಾಡಿದಳು. "ವೈಜೂ, ಪುಟ್ಟಾ, ಅಮ್ಮ ಕಣೇ. ಬೇಗ ಬಾ ಬಂಗಾರಾ. ನಿಂಗೆ ಹೊಸ ಲಂಗ ಹೊಲಿಸಿದೀನಿ, ನಿಂದೇ ಒಂದು ಕೋಣೆ ಮಾಡಿಸಿದೀನಿ. ನೀನು ಬರ್ತೀಯ ಅಂತ ಬೀದಿಯೋರೆಲ್ಲ ಕಾಯ್ತಿದಾರೆ. ಅಮ್ಮನ್ನ ಕಂಡ್ರೆ ಆಸೆ ಅಲ್ವಾ ನಿಂಗೆ?"

ಚುಕ್ಕಿ ಅಲ್ಲಾಡಿತು. ಆದರೆ ಅದು ಸರಿದದ್ದು ಈ ಕಡೆಗಲ್ಲ. ಪರದೆಯ ಅಂಚಿನ ಕಡೆಗೆ, ಹಿಂದಕ್ಕೆ, ಒಂದು ಬೆರಳಿನಷ್ಟು ಹೋಗಿ ನಿಂತಿತು. ಹಾಗಾದದ್ದನ್ನು ನಾನು ಕೇಳಿರಲಿಲ್ಲ, ರುದ್ರಮುನಿಯೂ ಕಂಡಿರಲಿಲ್ಲ. ಕರೆದರೆ ಬರುತ್ತದೆ, ಇಲ್ಲವೇ ನಿಂತಲ್ಲೇ ಇರುತ್ತದೆ. ಕರೆದರೆ ದೂರ ಹೋಗುವುದೆಂದರೇನು? ಅವನು ನಾಲಿಗೆ ಕಚ್ಚಿಕೊಂಡ. ಮೈಕು ತೆರೆದೇ ಇದ್ದುದರಿಂದ, ಅಯ್ಯೋ ಹಿಂದೆ ಹೋಯಿತಲ್ಲ ಎಂದು ಅವನು ಮೆಲ್ಲಗೆ ಅಂದದ್ದು ಕೆಳಗಿನವರಿಗೆಲ್ಲ ಕೇಳಿಸಿತು. ಕೋಣೆಯಿಂದ ಗದ್ದಲ ಮೆಟ್ಟಿಲು ಹತ್ತಿ ಬಂತು.

ಚಂಪಕ್ಕ ಮೇಜನ್ನು ಹಿಡಿದುಕೊಂಡು ನಿಂತಳು. ಅವಳಿಗಾದ ನೋವನ್ನು ನಾನು ಹೇಳಲಾರೆ. ಊರೆದುರು ಕೆನ್ನೆಗೆ ಹೊಡೆಸಿಕೊಂಡವರ ಹಾಗಿದ್ದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಇಳಿದು ಹೋಗುತ್ತಾಳೆ ಎಂದುಕೊಂಡೆ, ಹೋಗಲೂ ಇಲ್ಲ. ಮೈಕಿನಿಂದ ಈಚೆ ಬಂದು ನನ್ನ ಕಡೆ ತಿರುಗಿ, ಯಾವುದೋ ಹಳೆಯ ವಿಷಯ ಹೇಳುವಂತೆ, ಮೆಲ್ಲಗೆ ಮಾತಾಡಿದಳು. ಐದು ವರ್ಷದ ಹಿಂದೆ ಇಲ್ಲಿಂದ ಕಳಿಸುವಾಗ ಬೆಲ್ಲದವಳ ಮುಂದೆ ಏನು ಹೇಳಬೇಕೆಂದು ತಾನೇ ಆ ಮಗುವಿಗೆ ಹಿಂದಿನ ದಿನವೆಲ್ಲ ಬಾಯಿಪಾಠ ಮಾಡಿಸಿದ್ದಳಂತೆ. ಅದು ತೊದಲುತ್ತ ಮನಸಾರೆ ಹೋಗ್ತೀನಿ ಎಂದು ಮೂರು ಸಲ ಹೇಳಿ, ಸರಿಯಾಗಿ ಹೇಳಿದೆನಾ ಎಂದು ಇವಳ ಮುಖ ನೋಡಿತ್ತಂತೆ. ಇವತ್ತು ಬೆಳಿಗ್ಗೆ ಆಚೆ ಬಾಗಿಲಲ್ಲೂ ಅದನ್ನೇ ಹೇಳಿಸಿರುತ್ತಾರೆ ಎಂದಳು. ಸುಲೋಚನಮ್ಮನನ್ನು ಬಿಟ್ಟು ಬರುವಾಗಲೂ ಮನಸಾರೆ ಎನ್ನಬೇಕು, ಈಗ ನಾನೂ ಆಸೆ ಅಲ್ವಾ ಅಂತ ಕೇಳ್ತಿದೀನಿ ನೋಡಿ ಎಂದಳು.

ಅವಳು ಮತ್ತೆ ಮೈಕಿನ ಹತ್ತಿರ ಹೋದಳು. ಈ ಸಲ ದನಿ ಅವಳದೇ ಆಗಿತ್ತು, ಅಂಗಡಿಯಲ್ಲಿ ಗಿರಾಕಿಗಳ ಜೊತೆ ಜಗಳಕ್ಕೆ ನಿಂತಾಗಿನ ದನಿ.

"ವೈಜೂ, ಕೇಳಿಸ್ತಿದೆಯೇನೇ? ನಿಂಗೆ ಬರೋ ಮನಸ್ಸಿಲ್ಲ. ನಂಗೆ ಗೊತ್ತಾಯ್ತು. ಊರಿಗೂ ಗೊತ್ತಾಯ್ತು, ಹೋಗ್ಲಿ."

ರುದ್ರಮುನಿ ಹೌಹಾರಿ ಎದ್ದ. ಮನಸ್ಸಿಲ್ಲ ಎಂಬ ಮಾತನ್ನು ಹಾರುತ್ತಿರುವ ವಿಮಾನಕ್ಕೆ ಕೇಳಿಸುವ ಹಾಗೆ ಯಾರೂ ಅನ್ನಕೂಡದು, ಅದು ಎಲ್ಲದಕ್ಕಿಂತ ಮೊದಲ ನಿಯಮ. ಅವನು ಮೈಕಿಗೆ ಕೈ ಹಾಕಿದ. ಚಂಪಕ್ಕ ಆ ಕೈಯನ್ನು ತಳ್ಳಿದಳು. ನಾನು ಅವಳನ್ನು ಹಿಡಿಯಬೇಕೋ ಅವನನ್ನು ಹಿಡಿಯಬೇಕೋ ತಿಳಿಯದೆ ಕೊನೆಗೆ ಅವನನ್ನೇ ಹಿಡಿದುಕೊಂಡೆ. ಏಕೆ ಎಂದು ಈಗಲೂ ಹೇಳಲಾರೆ. ಕೆಳಗಿನಿಂದ ಶೆಟ್ಟರು, ಅವಳ ಬಾಯಿ ಮುಚ್ಚಿಸ್ರೋ ಎಂದು ಕೂಗಿಕೊಳ್ಳುತ್ತಿದ್ದರು.

"ಮನಸ್ಸು ಮಾಡ್ಕೋ ಅಂತ ನಾನು ಕೇಳಲ್ಲ ಕಣೆ. ಮನಸ್ಸಿಲ್ದೇನೇ ಬಾ. ಅಳ್ತಾ ಬಾ, ಬೈಕೊಂಡು ಬಾ. ಸುಲ್ಲಮ್ಮ ಬೇಕು ಅಂತ ಹೊರಳಾಡ್ಬೇಕಾದ್ರೆ ಇಲ್ಲಿ ಬಂದು ಹೊರಳಾಡು, ನಾನು ಪಕ್ಕದಲ್ಲೇ ಕೂತಿರ್ತೀನಿ. ಇದು ನೀನು ಒಪ್ಪೋ ವಿಷಯ ಅಲ್ಲ. ತೀರ್ಮಾನ ಮಾಡಿದ್ದು ನಾನು, ತಪ್ಪಾದ್ರೆ ಅದೂ ನಂದೇ. ನಿನ್ನಿಂದ ಏನೂ ಆಗಿಲ್ಲ. ನೀನು ಸುಮ್ನೆ ಕೂತ್ಕೊಂಡು ಬಾ, ಅಷ್ಟೆ."

ಅಷ್ಟು ಹೇಳಿ ಮೈಕಿನಿಂದ ಹಿಂದೆ ಸರಿದಳು. ಸುಲ್ಲಮ್ಮ ಎಂಬ ಹೆಸರು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪರದೆಯನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ, ಗೋಡೆಯ ಕಡೆ ತಿರುಗಿ ನಿಂತಳು. ನಾನೂ ರುದ್ರಮುನಿಯೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ನೋಡುತ್ತಿದ್ದೆವು. ಚುಕ್ಕಿ ಎಷ್ಟೋ ಹೊತ್ತು ಇದ್ದಲ್ಲೇ ಇತ್ತು. ಆಮೇಲೆ ನಿಧಾನವಾಗಿ ಈ ಕಡೆಗೆ ಬರತೊಡಗಿತು. ವಾಸುದೇವಯ್ಯನ ಹೆಂಡತಿಯ ಹಾಗೆ ಓಡಿ ಬರಲಿಲ್ಲ. ಹಟದ ಮಗುವೊಂದು ಗೋಡೆ ಸವರಿಕೊಂಡು ಬರುತ್ತದಲ್ಲ, ಹಾಗೆ, ನಿಲ್ಲುತ್ತ, ಮತ್ತೆ ಹೊರಡುತ್ತ ಬಂತು. ಬರ್ತಾ ಇದೆ ಚಂಪಕ್ಕ ಎಂದೆ. ಅವಳು ಅಲ್ಲೇ ಕುಸಿದು ಕೂತು, ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು.

ವಿಮಾನ ಇಳಿದಾಗ ಇನ್ನೂ ಬಿಸಿಲಿತ್ತು. ಜನ ಮೆಟ್ಟಿಲಿಳಿದು ಓಡಿದರು, ಮುದುಕಿಯರು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಶೆಟ್ಟರು ಅಳಿಯನ ಕೊರಳಿಗೆ ಹಾರ ಹಾಕುವ ಬದಲು ಅವನನ್ನೇ ತಬ್ಬಿಕೊಂಡು ನಿಂತುಬಿಟ್ಟರು. ನಮ್ಮ ಶಿವರಾಯಪ್ಪನವರು ಇಳಿದವರೇ ಊಟಕ್ಕೇನು ಎಂದು ಕೇಳಿದರು. ವೈಜಯಂತಿ ಎಲ್ಲರಿಗಿಂತ ಕೊನೆಗೆ ಇಳಿದಳು. ತೆಳ್ಳನೆಯ ಹುಡುಗಿ, ಎರಡು ಜಡೆ, ಅತ್ತು ಅತ್ತು ಮೂಗು ಕೆಂಪಾಗಿತ್ತು. ದಿನವಿಡೀ ಸಾವಿನ ಬಾಯಲ್ಲಿ ಕೂತು ಬಂದವರೆಲ್ಲ ದಾರಿಯ ಎರಡು ಕಡೆಯೂ ನಿಂತು ಅವಳನ್ನೇ ನೋಡುತ್ತಿದ್ದರು. ಚಂಪಕ್ಕ ಹೋಗಿ ಆ ನೋಟಕ್ಕೆ ಅಡ್ಡವಾಗಿ ನಿಂತಳು. ಮುಟ್ಟಲಿಲ್ಲ, ಎತ್ತಿಕೊಳ್ಳಲಿಲ್ಲ.

"ನಂಗೆ ಮನಸ್ಸಿರಲಿಲ್ಲ" ಎಂದಳು ಹುಡುಗಿ, ಎಲ್ಲರಿಗೂ ಕೇಳುವಂತೆ.

"ಗೊತ್ತು."

"ಈಗ್ಲೂ ಇಲ್ಲ."

"ಇಲ್ದಿದ್ರೆ ಇಲ್ಲ. ನಡಿ."

ಚಂಪಕ್ಕನ ಮನೆ ನಿಲ್ದಾಣದ ಬಾಗಿಲಿಗೇ ಕಾಣುತ್ತದೆ. ಉಪ್ಪಿನ ಬಯಲು ದಾಟಿದರೆ ದಿಬ್ಬದ ಮೇಲಿನ ಮೊದಲನೆಯ ಮನೆ, ನೀಲಿ ಬಾಗಿಲು. ಬಸ್ಸಿನಲ್ಲಿ ಬನ್ನಿ ಎಂದು ಕರೆದೆ. ಹುಡುಗಿ ಬಸ್ಸಿನ ಜನರನ್ನು ನೋಡಿ ಬೇಡವೆಂದು ತಲೆಯಲ್ಲಾಡಿಸಿದಳು. ಹಾಗಾದರೆ ನಡೆದೇ ಬರುತ್ತೇವೆ ಎಂದಳು ಚಂಪಕ್ಕ. ಕ್ಯಾರಿಯರನ್ನು ಅವಳ ಕೈಗೆ ಕೊಟ್ಟು ನಾವು ಬಸ್ಸು ಹತ್ತಿದೆವು. ಮನೆಗೆ ಹೋಗಿ, ಮಾವನವರಿಗೆ ಬಡಿಸಿ, ಅವರು ಎರಡನೆಯ ಸಲ ಅನ್ನ ಹಾಕಿಸಿಕೊಂಡು ಎದ್ದು ಕೈತೊಳೆದ ಮೇಲೆ ನನ್ನ ಹೆಂಡತಿ ಹಿತ್ತಲಿಗೆ ಹೋದವಳು ನನ್ನನ್ನು ಕರೆದಳು. ನಮ್ಮ ಹಿತ್ತಲಿಗೆ ಉಪ್ಪಿನ ಬಯಲಿನ ರಸ್ತೆ ಕಾಣುತ್ತದೆ. ತಾಯಿಮಗಳು ಇನ್ನೂ ಅದರ ಮೇಲೇ ಇದ್ದರು. ಅವರ ಹಿಂದಿನಿಂದ ಬಂದ ಸೈಕಲ್ಲಿನವರು ಅವರನ್ನು ದಾಟಿ, ದಿಬ್ಬ ಹತ್ತಿ, ಮನೆ ಸೇರಿ, ಬೇರೆ ಅಂಗಿ ತೊಟ್ಟು ಪೇಟೆಗೆ ಹೊರಟಿದ್ದರು. ಇವರಿಬ್ಬರು ಮಾತ್ರ ಬಯಲಿನ ಮೊದಲ ತಿರುವಿನಲ್ಲೇ ನಡೆಯುತ್ತಿದ್ದರು. ನಿಂತಿರಲಿಲ್ಲ, ನಡೆಯುತ್ತಲೇ ಇದ್ದರು.

ವಿಮಾನಕ್ಕಷ್ಟೇ ಇದ್ದದ್ದು ಈಗ ನೆಲಕ್ಕೂ ಬಂತೇ ಎಂದು ನನಗೆ ದಿಗಿಲಾಯಿತು. ನನ್ನ ಹೆಂಡತಿ ಒಂದು ತಂಬಿಗೆ ನೀರು ತೆಗೆದುಕೊಂಡು ಅವರ ಹತ್ತಿರ ಓಡಿದಳು. ಅವಳು ಹೋಗುವ ಹೊತ್ತಿಗೆ ಇಬ್ಬರೂ ರಸ್ತೆಯ ಬದಿಯಲ್ಲಿ ಕೂತು, ಕ್ಯಾರಿಯರ್ ಬಿಚ್ಚಿ, ತಣ್ಣಗಾದ ಪುಳಿಯೋಗರೆ ತಿನ್ನುತ್ತಿದ್ದರಂತೆ. ಮಗುವನ್ನು ಎತ್ತಿಕೊಂಡು ಸರಸರ ಹೋಗಬಾರದೇ, ಕತ್ತಲಾಗುತ್ತದೆ ಎಂದು ನನ್ನವಳು ಗದರಿದಳು. ಚಂಪಕ್ಕ ನಕ್ಕಳಂತೆ. ಐದು ವರ್ಷದ ಮೇಲೆ ಮಗಳು ಪಕ್ಕದಲ್ಲಿ ಇದ್ದಾಳೆ, ನನಗೆ ಯಾವ ಅವಸರವೂ ಇಲ್ಲ ಎಂದಳಂತೆ. ಹುಡುಗಿ ಬೆರಳು ನೆಕ್ಕುತ್ತ ದಿಬ್ಬದ ಕಡೆ ನೋಡಿದಳು.

"ನಿಮ್ಮ ಮನೆ ಇನ್ನೂ ಎಷ್ಟು ದೂರ?"

"ನಂಗೂ ಗೊತ್ತಿಲ್ಲ ಕಣೆ" ಎಂದಳು ಚಂಪಕ್ಕ. "ನೀರು ಕುಡಿ, ನಡೀತಾ ಹೋಗೋಣ."

ಹುಡುಗಿ ನೀರು ಕುಡಿದು, ಲಂಗದ ಧೂಳು ಕೊಡವಿಕೊಂಡು ತಾನೇ ಮೊದಲು ಎದ್ದಳಂತೆ.